ಹಳೆಯ ಮನೆಯಲ್ಲಿ ಚಿತ್ರಪ್ರದರ್ಶನ: ಚಾವಡಿಯ ಕತ್ತಲೆಗೆ ಏನು ಮಾಡಲಿ?

ಪೆರ್ಲದ ಮಾಸ್ತರು
ಹಿರಿಯ ಚಿತ್ರಕಾರರೊಬ್ಬರ 64 ಚಿತ್ರಗಳು ಡಿಸೆಂಬರಿನಲ್ಲಿ ಕಾಸರಗೋಡು ಕಡೆಯ ನಮ್ಮ ಹಳೆಯ ಮನೆಗೆ ಬರಲಿವೆ. 40 ಜಲವರ್ಣ, ಉಳಿದವು ತೈಲವರ್ಣ. ಮುರಕಲ್ಲಿನ ಗೋಡೆ, ಹಂಚಿನ ಮಾಡು. ಮೊಳೆ ಹೊಡೆದರೆ ಹಿಡಿಯಷ್ಟು ಗಾರೆ ಉದುರುತ್ತದೆ. ಜಲವರ್ಣದ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಬಾರದೆಂದು ಚಿತ್ರ ಕೊಡುವವರ ಷರತ್ತು. ಸಮಿತಿಯವರಿಗೋ ಚಾವಡಿಯ ಕತ್ತಲೆ ಕಂಡರೆ ಆಗದು. ಗಾಜಿನ ಹಂಚು ಹಾಕಿಸೋಣ ಎಂದು ಕುಳಿತಿದ್ದಾರೆ. ಮೀಟರ್ ಹಿಡಿದು ನೋಡಿದೆ: ಜಗಲಿಯಲ್ಲಿ ಸಾವಿರದ ಮೇಲೆ, ನಡುಮನೆಯಲ್ಲಿ ಬರೀ 30.

ಮಂಜೇಶ್ವರದ ಫ್ರೇಮಿನವನು
ಮಾಸ್ತರರೇ, ಗೋಡೆಗೆ ಮೊಳೆಯೇ ಬೇಡ. ನಾಲ್ಕು ಇಂಚು ಬಿಟ್ಟು ಪ್ಲೈವುಡ್ಡಿನ ಗೋಡೆ ನಿಲ್ಲಿಸಿ. ಒಮ್ಮೆ ಮಳೆಗಾಲದಲ್ಲಿ ಮುರಕಲ್ಲಿಗೆ ತಾಗಿಸಿ ಒಂದು ಜಲವರ್ಣ ತೂಗಿಸಿದ್ದೆ. ಆಟಿ ತಿಂಗಳು ಕಳೆದು ಇಳಿಸಿದಾಗ ಹಿಂದಿನ ರಟ್ಟಿನ ತುಂಬ ಸುಟ್ಟ ಹಪ್ಪಳದಂತೆ ಬೂಷ್ಟಿನ ಚುಕ್ಕೆ. ಇಂದಿಗೂ ಆ ಮನೆಯವರ ಮುಖ ನೋಡಲು ನಾಚಿಕೆ. ಚಿತ್ರದ ನಡುಭಾಗ ನೆಲದಿಂದ 58 ಇಂಚು ಎತ್ತರಕ್ಕೆ ಬರಲಿ.

ಬದಿಯಡ್ಕದವಳು, ಈಗ ಮೈಸೂರು
ಗಾಜಿನ ಹಂಚು ಖಂಡಿತ ಬೇಡ, ಮಾಸ್ತರರೇ. ಬಿಸಿಲಿಗೆ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ನಿಮಗೆ ಬೇಕಾದುದು ಹೆಚ್ಚು ಬೆಳಕಲ್ಲ, ಕಣ್ಣು ಪಳಗಲು ಸ್ವಲ್ಪ ಹೊತ್ತು. ಅಂಗಳದಿಂದ ನೇರವಾಗಿ ಒಳಗೆ ಬಂದವನಿಗೆ 50 ಲಕ್ಸ್ ಕಾಳರಾತ್ರಿಯೇ. ಜಗಲಿ, ಚಾವಡಿ, ನಡುಮನೆ ಎಂದು ಬೆಳಕನ್ನು ಮೆಟ್ಟಿಲಿಳಿಸಲೆಂದು ದೊಡ್ಡ ಸಂಗ್ರಹಾಲಯಗಳು ಬೇರೆಯೇ ಕೋಣೆ ಕಟ್ಟಿಸುತ್ತವೆ. ನಿಮ್ಮ ಅಜ್ಜ ಅದನ್ನು ಆಗಲೇ ಕಟ್ಟಿಸಿ ಹೋಗಿದ್ದಾರೆ! ತೈಲವರ್ಣ 200 ಲಕ್ಸ್ ತಡೆದೀತು, ಚಾವಡಿಯಲ್ಲಿಡಿ. ಜಲವರ್ಣ ನಡುಮನೆಗೆ. ದೀಪ ಲಂಬಕ್ಕೆ 30 ಡಿಗ್ರಿ ಓರೆಯಾಗಿರಲಿ, ಆಗ ಗಾಜಿನಲ್ಲಿ ದೀಪವೇ ಹೊಳೆಯುವ ಕಾಟ ತಪ್ಪುತ್ತದೆ. ಎಸಿಯ ಆಸೆ ಬೇಡ. ಹಗಲು ಹಾಕಿ ರಾತ್ರಿ ಆರಿಸಿದರೆ ತೇವ ಏರಿಳಿದು ಕಾಗದ ಸುಕ್ಕಾಗುತ್ತದೆ.

ಪೆರ್ಲದ ಮಾಸ್ತರು
ತಂಗೀ, ನಿನ್ನೆಯೇ ನೋಡಿಬಿಟ್ಟೆ. ನಡುಮನೆಯಲ್ಲಿ ದೀಪವೊಂದನ್ನು 50ಕ್ಕೆ ಇಳಿಸಿ, ಮನೆಯ ಹಳೆಯ ಜಲವರ್ಣವೊಂದನ್ನು ತೂಗುಹಾಕಿದೆ. ಅಂಗಳದಿಂದ ಬಂದ ಅತ್ತೆ "ಏನೂ ಕಾಣುವುದಿಲ್ಲ" ಎಂದು ಗೊಣಗಿದರು. ಚಾವಡಿಯಲ್ಲಿ ಕೂರಿಸಿ ಎಲೆಯಡಿಕೆ ಕೊಟ್ಟೆ. ಹತ್ತು ನಿಮಿಷ ಬಿಟ್ಟು ಒಳಗೆ ಹೋದವರು, ಚಿತ್ರದ ಮೂಲೆಯಲ್ಲಿ ಗದ್ದೆಯ ಹುಣಿಯ ಮೇಲೆ ಕೊಕ್ಕರೆ ಇದೆ ಎಂದರು. ನಲುವತ್ತು ವರ್ಷದಿಂದ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಹಂಚಿನ ಮಾತು ಅಲ್ಲಿಗೆ ನಿಂತಿತು. ಈಗ ಚಿತ್ರಗಳ ಹೆಸರುಪಟ್ಟಿಯಲ್ಲಿ ಕನ್ನಡ ಮೇಲೋ ಮಲಯಾಳ ಮೇಲೋ ಎಂಬ ಜಗಳ.

ಮಂಜೇಶ್ವರದ ಫ್ರೇಮಿನವನು
ಅಕ್ಕಪಕ್ಕ ಬರೆಸಿ ಮಾಸ್ತರರೇ. ಪಟ್ಟಿ ಅಗಲವಾದರೆ ರಟ್ಟು ನಾನು ಕೊಡುತ್ತೇನೆ.