ಮಳೆ ಹಿಡಿದ ಮೇಲೆ ಬಾಲ್ ಪೈಥಾನ್ ಗೂಡಿನಲ್ಲಿ ತೇವಾಂಶ ಶೇ 99, ಗಾಜೆಲ್ಲ ಬೆವರುತ್ತಿದೆ. ಏನು ಮಾಡಲಿ?

ಕಡಲತಡಿ (ಮಂಗಳೂರು), ಜುಲೈ 3

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು) ಇದೆ. ಹೆಣ್ಣು, ಎರಡು ವರ್ಷ, ತೂಕ 720 ಗ್ರಾಂ. ಬಣ್ಣ ನೋಡಿ ಬೆಲ್ಲ ಅಂತ ಹೆಸರಿಟ್ಟಿದ್ದೇವೆ. ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಆಗಿದೆ. ಡಿಸೆಂಬರಿನಿಂದ ಮೇ ಕೊನೆಯವರೆಗೆ ಏನೂ ತೊಂದರೆ ಇರಲಿಲ್ಲ. ಮಳೆ ಹಿಡಿದ ಮೇಲೆ ಎಲ್ಲ ಕೆಟ್ಟಿತು.

ಗೂಡು 3 ಅಡಿ ಉದ್ದ, ಒಂದೂವರೆ ಅಡಿ ಅಗಲದ ಗಾಜಿನ ಟ್ಯಾಂಕ್. ಮೇಲೆ ಜಾಲರಿ ಮುಚ್ಚಳ. ತೇವ ಹೊರಗೆ ಹೋಗಬಾರದು ಅಂತ ವಿಡಿಯೋ ನೋಡಿ ಮುಚ್ಚಳದ ಮುಕ್ಕಾಲು ಭಾಗಕ್ಕೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದ್ದೇನೆ. ಒಳಗೆ 3 ಇಂಚು ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಒಂದು ಬದಿಯಲ್ಲಿ ಟ್ಯಾಂಕಿನ ಅಡಿಗೆ ಹೀಟ್ ಮ್ಯಾಟ್. ಬಿಸಿ ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇದೆ, 32 ಡಿಗ್ರಿಗೆ ಇಟ್ಟಿದ್ದೇನೆ. ನೀರಿನ ದೊಡ್ಡ ಬಟ್ಟಲು ಅದೇ ಬಿಸಿ ಬದಿಯಲ್ಲಿದೆ. ದಿನಕ್ಕೊಮ್ಮೆ ಸ್ಪ್ರೇ ಮಾಡುತ್ತಿದ್ದೆ, ನಾಲ್ಕು ದಿನದ ಹಿಂದೆ ನಿಲ್ಲಿಸಿದೆ. ಏನೂ ವ್ಯತ್ಯಾಸ ಕಾಣಲಿಲ್ಲ.

ತೇವಾಂಶದ ಮುಳ್ಳಿನ ಮೀಟರ್ 99 ತೋರಿಸುತ್ತಿದೆ. ಬೆಳಗ್ಗೆ ಎದ್ದು ನೋಡಿದರೆ ಗಾಜಿನ ಒಳಬದಿಯಲ್ಲಿ ನೀರು ಸಾಲು ಸಾಲಾಗಿ ಇಳಿದಿರುತ್ತದೆ. ಅವಳು ಅಡಗುವ ಮರದ ಡಬ್ಬಿಯ ಮೂಲೆಯಲ್ಲಿ ಬಿಳಿ ಬೂಷ್ಟು ಬಂದಿದೆ. ನಿನ್ನೆ ಎತ್ತಿ ನೋಡಿದೆ. ಹೊಟ್ಟೆಯ ಕೆಳಗಿನ ನಾಲ್ಕೈದು ಹುರುಪೆಗಳ ಅಂಚು ಕೆಂಪಾಗಿದೆ. ಹೋದ ವಾರ ಇಲಿ ಕೊಟ್ಟರೆ ಮುಟ್ಟಲಿಲ್ಲ.

ಅಮ್ಮ ಹೇಳುತ್ತಾರೆ, "ಸಾಂಬ್ರಾಣಿ ಹೊಗೆ ಹಾಕು, ಪಸೆ ಹೋಗ್ತದೆ." ಹಾಕಬಹುದಾ? ನಿಜಕ್ಕೂ ಹೆದರಿಕೆಯಾಗಿದೆ. ಗೂಡಿನ ಫೋಟೋ, ಹೊಟ್ಟೆಯ ಫೋಟೋ ಎರಡೂ ಹಾಕಿದ್ದೇನೆ.

ಹಳೆಗೂಡು (ಉಡುಪಿ), ಜುಲೈ 3

ಮೊದಲು ಹೊಗೆಯ ವಿಷಯ. ದಯವಿಟ್ಟು ಬೇಡ. ಹಾವಿಗೆ ನಮ್ಮ ಹಾಗೆ ಕೆಮ್ಮಿ ಕಫ ಹೊರಗೆ ಹಾಕಲು ಆಗುವುದಿಲ್ಲ. ಎದೆಯೊಳಗೆ ಹೋದದ್ದು ಅಲ್ಲೇ ಕೂರುತ್ತದೆ. ಬಟ್ಟೆ ಒಣಗಿಸಲು ಕೆಂಡದ ಮೇಲೆ ಸಾಂಬ್ರಾಣಿ ಹಾಕುವ ರೂಢಿ ನಮ್ಮ ಮನೆಯಲ್ಲೂ ಇದೆ. ಆದರೆ ಹಾವಿರುವ ಕೋಣೆಯಲ್ಲಿ ಬೇಡವೇ ಬೇಡ. ಕಪಾಟಿನಲ್ಲಿ ನುಸಿಗುಳಿಗೆ ಇಟ್ಟಿದ್ದರೆ ಅದನ್ನೂ ಬೇರೆ ಕೋಣೆಗೆ ಸಾಗಿಸಿ.

ಇನ್ನು ಇವತ್ತೇ ನೋಡಬೇಕಾದದ್ದು. ಅವಳನ್ನು ಕಿವಿಯ ಹತ್ತಿರ ಹಿಡಿದು ಉಸಿರು ಕೇಳಿ. ಸೀಟಿಯ ಹಾಗೆ, ಅಥವಾ ಗೊರಗೊರ ಅಂತ ಸದ್ದು ಬರುತ್ತದಾ? ಮೂಗಿನ ಹೊಳ್ಳೆಯಲ್ಲಿ ಗುಳ್ಳೆ? ಬಾಯಿ ತೆರೆದು, ತಲೆ ಮೇಲೆತ್ತಿ ಉಸಿರಾಡುತ್ತಾಳಾ? ಇದರಲ್ಲಿ ಒಂದಿದ್ದರೂ ಇಲ್ಲಿ ಉತ್ತರ ಕಾಯಬೇಡಿ, ಹಾವು ನೋಡುವ ವೆಟ್ (ಪಶುವೈದ್ಯರು) ಹತ್ತಿರ ಹೋಗಿ.

ಫೋಟೋದಲ್ಲಿ ಕಾಣುವ ಕೆಂಪು, ಹುರುಪೆ ಕೊಳೆಯುವುದರ ಶುರು ಅಂತ ನನಗೆ ಅನಿಸುತ್ತದೆ. ಗುಳ್ಳೆ ಕಾಣುವುದಿಲ್ಲ, ಬೇಗ ನೋಡಿದ್ದೀರಿ. ಈ ರಾತ್ರಿಯೇ ಕೋಕೋಪೀಟ್ ಪೂರ್ತಿ ತೆಗೆಯಿರಿ. ಬಣ್ಣದ ಶಾಯಿ ಇಲ್ಲದ ನ್ಯೂಸ್‌ಪೇಪರ್ ಅಥವಾ ಟಿಶ್ಯೂ ಹಾಸಿ. ಒದ್ದೆಯಾದ ಕೂಡಲೇ ಬದಲಿಸಿ. ಮರದ ಡಬ್ಬಿ ಹೊರಗೆ. ಹೊಸ ಪ್ಲಾಸ್ಟಿಕ್ ಡಬ್ಬಿಗೆ ಬಾಗಿಲು ಕೊರೆದು ಇಡಿ. ಫೋಟೋಗಳನ್ನು ವೆಟ್‌ಗೆ ಕಳಿಸಿ.

ಆಮೇಲೆ ಮೀಟರ್. ಮುಳ್ಳಿನ ಮೀಟರ್ ಹೇಳಿದ್ದನ್ನು ನಾನು ನಂಬುವುದಿಲ್ಲ. ಡಿಜಿಟಲ್ ಒಂದು ತನ್ನಿ. ಅದನ್ನೂ ಉಪ್ಪಿನಲ್ಲಿ ಪರೀಕ್ಷಿಸಿ. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ, ನಾಲ್ಕೈದು ಹನಿ ನೀರು ಹಾಕಿ. ಉಪ್ಪು ಕರಗಬಾರದು, ಸಮುದ್ರದಂಡೆಯ ಒದ್ದೆ ಮರಳಿನ ಹಾಗೆ ಇರಬೇಕು. ಆ ಮುಚ್ಚಳ ಮತ್ತು ಮೀಟರ್ ಎರಡನ್ನೂ ಜಿಪ್ ಕವರಿನೊಳಗೆ ಇಟ್ಟು ಗಾಳಿಯಾಡದಂತೆ ಮುಚ್ಚಿ. ಉಪ್ಪು ಮೀಟರಿಗೆ ತಾಗಬಾರದು. ರಾತ್ರಿಯಿಡೀ ಬಿಡಿ. ಬೆಳಗ್ಗೆ ಕವರ್ ತೆರೆಯದೆ ಓದಿ. 75 ಬರಬೇಕು. 79 ಬಂದರೆ ನಿಮ್ಮ ಮೀಟರ್ 4 ಜಾಸ್ತಿ ಹೇಳುತ್ತದೆ ಅಂತ ಅರ್ಥ.

ಬಿಸಿಲೂರು (ರಾಯಚೂರು), ಜುಲೈ 4

ಫಾಯಿಲ್ ಕಿತ್ತು, ಮುಚ್ಚಳದ ಮೇಲೆ ಒಂದು ಸಣ್ಣ ಫ್ಯಾನ್ ಇಟ್ಟುಬಿಡಿ. ಕಿಟಕಿ ತೆರೆದಿಡಿ. ಗಾಳಿ ಆಡಿದರೆ ಎರಡೇ ದಿನದಲ್ಲಿ ಸರಿಹೋಗುತ್ತದೆ. ನಾನು ಹಾಗೇ ಮಾಡಿದ್ದು.

ಹಳೆಗೂಡು, ಜುಲೈ 4

ಅಣ್ಣಾ, ರಾಯಚೂರಿನಲ್ಲಿ ಅದು ಸರಿ. ನಿಮ್ಮಲ್ಲಿ ಹೊರಗಿನ ಗಾಳಿ ಒಣಗಿರುತ್ತದೆ. ಆಷಾಢದಲ್ಲಿ ಮಂಗಳೂರಿನ ಕಿಟಕಿ ತೆರೆದರೆ ಒಳಗೆ ಬರುವುದು 90ರ ಗಾಳಿ. ಫಾಯಿಲ್ ಕೀಳುವುದು ಮಾತ್ರ ಪೂರ್ತಿ ಒಪ್ಪಿದೆ.

ಹಿಮದೂರು (ಮಿನ್ನೆಸೋಟ, ಅಮೆರಿಕ), ಜುಲೈ 4

ಆ ಫಾಯಿಲ್ ಉಪಾಯ ಎಲ್ಲಿಂದ ಬಂತು ಅಂತ ನಾನು ಹೇಳುತ್ತೇನೆ. ಇಲ್ಲಿ ಚಳಿಗಾಲದಲ್ಲಿ ಮನೆಯ ಹೀಟರ್ ಹಗಲೂ ರಾತ್ರಿ ಓಡುತ್ತದೆ. ಕೋಣೆಯ ತೇವಾಂಶ 20ರ ಆಸುಪಾಸಿಗೆ ಇಳಿದುಬಿಡುತ್ತದೆ. ಕೈ ಒಡೆಯುತ್ತದೆ, ಹಾವಿನ ಪೊರೆ ಚೂರು ಚೂರಾಗಿ ಕೀಳುತ್ತದೆ. ಅದಕ್ಕೇ ಮುಚ್ಚಳ ಮುಚ್ಚು, ದಿನಾ ಸ್ಪ್ರೇ ಮಾಡು, ದೊಡ್ಡ ಬಟ್ಟಲನ್ನು ಬಿಸಿ ಬದಿಗೆ ಇಡು ಅನ್ನುತ್ತಾರೆ. ನಾನೂ ಅದನ್ನೇ ಮಾಡುತ್ತೇನೆ. ವಿಡಿಯೋ ಮಾಡಿದವರ ಮನೆಗೆ ಅದು ಸರಿಯಾದ ಮಾತು. ನಾನು ಹುಟ್ಟಿದ್ದು ಕುಂದಾಪುರದಲ್ಲಿ. ಅಲ್ಲಿಗೆ ಅದು ಹೊಂದುವುದೇ ಇಲ್ಲ.

ಕಡಲತಡಿ, ಜುಲೈ 5

ಎಲ್ಲರಿಗೂ ಥ್ಯಾಂಕ್ಸ್. ಉಸಿರಿನಲ್ಲಿ ಸದ್ದಿಲ್ಲ, ಗುಳ್ಳೆ ಇಲ್ಲ. ಹತ್ತು ನಿಮಿಷ ಕಿವಿಯ ಹತ್ತಿರವೇ ಇಟ್ಟುಕೊಂಡಿದ್ದೆ. ವೆಟ್‌ಗೆ ಫೋಟೋ ಕಳಿಸಿದೆ, ನಾಳೆ ಕರೆದುಕೊಂಡು ಬರಲು ಹೇಳಿದ್ದಾರೆ.

ಕೋಕೋಪೀಟ್ ತೆಗೆದೆ. ಮೇಲಿನ ಒಂದಿಂಚು ಒಣಗಿದ ಹಾಗೆ ಕಂಡರೂ ಅಡಿಯದ್ದು ಹಿಂಡಿದರೆ ಬೆರಳ ಸಂದಿಯಿಂದ ನೀರು ಬಂತು. ಟ್ಯಾಂಕಿನ ತಳದಲ್ಲಿ ಹುಳಿ ವಾಸನೆ. ಇಷ್ಟು ದಿನ ಅವಳು ಇದರ ಮೇಲೆ ಮಲಗಿದ್ದಳಲ್ಲ ಅಂತ ತುಂಬಾ ಬೇಜಾರಾಯಿತು.

ಉಪ್ಪಿನ ಪರೀಕ್ಷೆಯಲ್ಲಿ ಡಿಜಿಟಲ್ ಮೀಟರ್ 78 ತೋರಿಸಿತು, ಅಂದರೆ 3 ಜಾಸ್ತಿ. ಮುಳ್ಳಿನದ್ದು ಕವರಿನೊಳಗೂ 99ರಲ್ಲೇ ನಿಂತಿತ್ತು! ಪೇಪರ್ ಹಾಸಿದ ಮೇಲೆ, 3 ಕಳೆದು ಲೆಕ್ಕ ಹಾಕಿದರೆ, ಹಗಲು 86, ಬೆಳಗಿನ ಜಾವ 95. ಕೋಣೆಯಲ್ಲೇ 91 ಇದೆ. ಗೂಡಿನ ಗಾಳಿ 27 ಡಿಗ್ರಿ. ರಾತ್ರಿ ಕರೆಂಟು ಹೋದರೆ 25ಕ್ಕೆ ಇಳಿಯುತ್ತದೆ. ಕೋಣೆಯೇ ಹೀಗಿದ್ದರೆ ಗೂಡಿನಲ್ಲಿ ಇಳಿಸುವುದು ಹೇಗೆ?

ಹಳೆಗೂಡು, ಜುಲೈ 5

ಇಳಿಸಬಹುದು. ನಿಮ್ಮ ಲೆಕ್ಕದಲ್ಲೇ ಉತ್ತರ ಇದೆ. ಹೀಟ್ ಮ್ಯಾಟ್ 32 ಇದ್ದರೂ ಗಾಳಿ 27 ಮಾತ್ರ. ಮ್ಯಾಟ್ ನೆಲ ಬಿಸಿ ಮಾಡುತ್ತದೆ, ಗಾಳಿಯನ್ನಲ್ಲ.

ಮೀಟರ್ ತೋರಿಸುವ ತೇವಾಂಶ ಅಂದರೆ ಗಾಳಿ ಆ ಬಿಸಿಯಲ್ಲಿ ಹಿಡಿಯಬಲ್ಲ ನೀರಿನಲ್ಲಿ ಈಗ ಎಷ್ಟು ಪಾಲು ಹಿಡಿದಿದೆ ಅನ್ನುವುದು. ಗಾಳಿ ಬಿಸಿಯಾದಷ್ಟೂ ಹೆಚ್ಚು ಹಿಡಿಯುತ್ತದೆ. 26 ಡಿಗ್ರಿಯಲ್ಲಿ 92 ಇರುವ ಗಾಳಿಯನ್ನು 31ಕ್ಕೆ ಕಾಯಿಸಿದರೆ, ಒಂದು ಹನಿ ನೀರೂ ತೆಗೆಯದೆ, ಸುಮಾರು 69ಕ್ಕೆ ಇಳಿಯುತ್ತದೆ. ತಿರುಗಾಮುರುಗಾ ಮಾಡಿದರೂ ಅಷ್ಟೇ. 31ರಲ್ಲಿ 75 ಇದ್ದ ಗಾಳಿ 26ಕ್ಕೆ ತಣಿದರೆ 100 ಆಗಿಬಿಡುತ್ತದೆ. ಮಿಕ್ಕ ನೀರು ಗಾಜಿಗೆ ಅಂಟುತ್ತದೆ. ನಿಮ್ಮ ಟ್ಯಾಂಕ್ ಬೆಳಗಿನ ಜಾವ ಬೆವರುವುದು ಇದಕ್ಕೇ.

ಮೊದಲಿದ್ದ ಜೋಡಣೆ ನೋಡಿ. ಅಡಿಯಿಂದ ಬಿಸಿ, ಮೇಲೆ ಒದ್ದೆ ಕೋಕೋಪೀಟ್, ಅದರ ಮೇಲೆ ನೀರಿನ ಬಟ್ಟಲು, ಎಲ್ಲದಕ್ಕೂ ಫಾಯಿಲ್ ಮುಚ್ಚಳ. ಅದು ಇಡ್ಲಿ ಪಾತ್ರೆಯ ಜೋಡಣೆ. ಹಬೆ ಏಳದೆ ಇನ್ನೇನು?

ನಾನಾದರೆ ಹೀಗೆ ಮಾಡುತ್ತೇನೆ. ಬೆಳಕಿಲ್ಲದ ಸೆರಾಮಿಕ್ ಹೀಟ್ ಬಲ್ಬ್ 60 ಅಥವಾ 80 ವ್ಯಾಟಿನದ್ದು ತಂದು, ಜಾಲರಿಯ ಮೇಲೆ ಬಿಸಿ ಬದಿಗೆ ಕೂರಿಸುತ್ತೇನೆ. ಹೋಲ್ಡರ್ ಪಿಂಗಾಣಿಯದ್ದೇ ಇರಬೇಕು, ಪ್ಲಾಸ್ಟಿಕ್ ಕರಗುತ್ತದೆ. ಥರ್ಮೋಸ್ಟಾಟ್ ಇಲ್ಲದೆ ಹಾಕಲೇಬೇಡಿ. ಬಲ್ಬ್ ಗೂಡಿನ ಒಳಗಿದ್ದರೆ ಸುತ್ತ ತಂತಿಯ ಪಂಜರ ಬೇಕು. ಬಾಲ್ ಪೈಥಾನ್ ಬಿಸಿ ಬಲ್ಬಿಗೆ ಸುತ್ತಿಕೊಂಡು ಸುಟ್ಟುಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಿಸಿ ಬದಿಯ ನೆಲ 31ರಿಂದ 33, ತಂಪು ಬದಿ 25ರಿಂದ 27 ಇರಲಿ. ರಾತ್ರಿಯೂ ಆರಿಸಬೇಡಿ. 60 ವ್ಯಾಟನ್ನು ಮನೆಯ ಇನ್ವರ್ಟರ್ ಸುಲಭವಾಗಿ ಎಳೆಯುತ್ತದೆ, ಅದಕ್ಕೆ ಸೇರಿಸಿಬಿಡಿ. ಬಟ್ಟಲು ಚಿಕ್ಕದಾಗಲಿ, ತಂಪು ಬದಿಗೆ ಹೋಗಲಿ.

ಸಿಲಿಕಾ ಜೆಲ್, ಇದ್ದಿಲು, ಕಪಾಟಿಗೆ ಇಡುವ ತೇವ ಹೀರುವ ಡಬ್ಬಿ ಇವನ್ನೆಲ್ಲ ಒಳಗೆ ಇಡಬೇಡಿ. ಆ ಡಬ್ಬಿಯಲ್ಲಿ ಸೇರುವ ನೀರು ಚೆಲ್ಲಿದರೆ ಚರ್ಮ ಸುಡುತ್ತದೆ. ಸಿಲಿಕಾ ಜೆಲ್ ಈ ಮಳೆಗೆ ಅರ್ಧ ದಿನದಲ್ಲಿ ಸೋಲುತ್ತದೆ.

ಮತ್ತೆ, ತೇವಾಂಶ 65ಕ್ಕೇ ಇಳಿಯಬೇಕು ಅಂತ ಹಟ ಬೇಡ. ಈ ಹಾವಿನ ಊರು ಘಾನಾ, ಟೋಗೋ, ಬೆನಿನ್ ಕಡೆ. ಅಲ್ಲಿ ಹೆಗ್ಗಣದ ಬಿಲದಲ್ಲಿ, ಗೆದ್ದಲು ಹುತ್ತದಲ್ಲಿ ಇರುತ್ತದೆ. ಗಾಳಿಯಲ್ಲಿ 75, 80 ಇದ್ದರೆ ಅದಕ್ಕೆ ಏನೂ ಆಗುವುದಿಲ್ಲ. ಒದ್ದೆ ನೆಲ, ತಣ್ಣಗಿನ ಗಾಳಿ, ಆ ಗಾಳಿಯೂ ಆಡದೆ ನಿಲ್ಲುವುದು ಇವು ಮೂರೂ ಸೇರಿದಾಗ ಹಾವು ಹಾಳಾಗುತ್ತದೆ. ಮೀಟರ್ ನೋಡುವ ಮೊದಲು ಅಂಗೈಯನ್ನು ನೆಲಕ್ಕೆ ಒತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಕೊಡೆಮರ (ಪುತ್ತೂರು), ಜುಲೈ 6

ನಡುವೆ ಬಾಯಿ ಹಾಕುತ್ತಿದ್ದೇನೆ. ಗೂಡಿನ ಫೋಟೋದಲ್ಲಿ ಬಲಗಡೆ ಮೂಲೆ ನೋಡಿ. ಹಗ್ಗದ ಮೇಲೆ ಟವೆಲ್, ಲುಂಗಿ, ಯೂನಿಫಾರ್ಮ್ ಎಲ್ಲ ನೇತಾಡುತ್ತಿವೆ ಅಲ್ವಾ? ಬಟ್ಟೆ ಒಣಗುವುದು ಅಂದರೆ ಅದರ ನೀರೆಲ್ಲ ಆ ಕೋಣೆಯ ಗಾಳಿಗೆ ಸೇರುವುದು. ನಮ್ಮ ಮನೆಯಲ್ಲೂ ಇದೇ ಆಗಿತ್ತು. ಹಗ್ಗವನ್ನು ಚಾವಡಿಗೆ ಸಾಗಿಸಿದ ಮೇಲೆ ಎಷ್ಟೋ ವಾಸಿಯಾಯಿತು.

ಕಡಲತಡಿ, ಜುಲೈ 6

ಅಯ್ಯೋ, ನನಗೆ ಇದು ಹೊಳೆದೇ ಇರಲಿಲ್ಲ ಮಾರಾಯ್ರೆ. ಜೂನಿನಿಂದ ಬಟ್ಟೆ ಎಲ್ಲ ಅಲ್ಲೇ. ಇವತ್ತೇ ತೆಗೆಯುತ್ತೇನೆ.

ವೆಟ್ ನೋಡಿದರು. ಹುರುಪೆ ಕೊಳೆಯುವುದರ ಮೊದಲ ಹಂತವೇ. ಪೊವಿಡೋನ್ ಅಯೋಡಿನ್ ಅನ್ನು ಹಾಲು ಹಾಕದ ತೆಳು ಚಹಾದ ಬಣ್ಣ ಬರುವಷ್ಟು ನೀರಿನಲ್ಲಿ ಬೆರೆಸಿ, ಉಗುರು ಬೆಚ್ಚಗೆ ಮಾಡಿ, ಹೊಟ್ಟೆ ಮಾತ್ರ ಮುಳುಗುವ ಹಾಗೆ ದಿನಕ್ಕೆ 15 ನಿಮಿಷ ಇಡಲು ಹೇಳಿದರು. ಆಮೇಲೆ ಒರೆಸಿ, ಪೂರ್ತಿ ಒಣಗಿದ ಮೇಲೆ ಮುಲಾಮು. ನಾನು ಪಕ್ಕದಲ್ಲೇ ಕೂತು ತಲೆ ಹಿಡಿದುಕೊಂಡಿರುತ್ತೇನೆ. ಅಮ್ಮ ಟವೆಲ್ ಹಿಡಿದು ಕಾಯುತ್ತಾರೆ. ಹಾವು ಮನೆಗೆ ಬಂದಾಗ ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದವರು!

ಹೊಸಬ (ಶಿರಸಿ), ಜುಲೈ 7

ನಮ್ಮ ತೋಟದಲ್ಲಿ ಒಂದು ಹೆಬ್ಬಾವಿನ ಮರಿ ಸಿಕ್ಕಿದೆ. ಇದೇ ಥರ ಗೂಡು ಮಾಡಿ ಸಾಕಬಹುದಾ?

ಹಳೆಗೂಡು, ಜುಲೈ 7

ಬೇಡ, ತಮ್ಮಾ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡಿನ ಹೆಬ್ಬಾವನ್ನು ಹಿಡಿದು ಸಾಕುವುದು ಅಪರಾಧ. ಅದು ಬೇರೆ ಜಾತಿ, 10 ಅಡಿ ಮೀರಿ ಬೆಳೆಯುತ್ತದೆ. ಈಗಲೇ ಅರಣ್ಯ ಇಲಾಖೆಗೆ ಫೋನ್ ಮಾಡಿ. ಅವರು ಬರುವ ತನಕ ಮುಟ್ಟಬೇಡಿ. ಬಾಲ್ ಪೈಥಾನ್ ಹೊರದೇಶದ ಹಾವು, ಅದಕ್ಕೂ ಪರಿವೇಶ್ ನೋಂದಣಿ ಬೇಕೇ ಬೇಕು.

ಕಡಲತಡಿ, ಜುಲೈ 29

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. 80 ವ್ಯಾಟಿನ ಸೆರಾಮಿಕ್ ಬಲ್ಬ್ ಹಾಕಿ ಮೂರು ವಾರ ಆಯಿತು. ಹಗಲು 70ರಿಂದ 74. ಬೆಳಗಿನ ಜಾವ ಜಾಸ್ತಿ ಅಂದರೆ 80. ಗಾಜು ಒಣಗಿದೆ. ಬಟ್ಟೆಯ ಹಗ್ಗ ತೆಗೆದ ಮೇಲೆ ಕೋಣೆ 91ರಿಂದ 85ಕ್ಕೆ ಬಂತು. ಒಂದು ರಾತ್ರಿ ಗಾಳಿಮಳೆಗೆ ಆರು ಗಂಟೆ ಕರೆಂಟು ಇರಲಿಲ್ಲ. ಇನ್ವರ್ಟರ್ ಕಾಪಾಡಿತು.

ಹೊಟ್ಟೆಯ ಕೆಂಪು ಹೋಗಿದೆ. ಎರಡು ಹುರುಪೆಗಳ ಮೇಲೆ ಕಂದು ಗೆರೆ ಮಾತ್ರ ಉಳಿದಿದೆ. ಮೊನ್ನೆ ಇಲಿಯನ್ನು ಇಕ್ಕಳದಲ್ಲಿ ಹಿಡಿದು ತೋರಿಸಿದ್ದೇ ತಡ, ಎಳೆದುಕೊಂಡಳು.

ಈಗ ಒಂದು ಪ್ರಶ್ನೆ. ನಿನ್ನೆಯಿಂದ ಕಣ್ಣು ಹಾಲುಹಾಲಾಗಿ ನೀಲಿ ಆಗಿದೆ. ಪೊರೆ ಬಿಡುವ ಹೊತ್ತು. ಇಷ್ಟು ಒಣಗಿಸಿದ್ದೇನೆ, ಸ್ಪ್ರೇ ಶುರು ಮಾಡಬೇಕಾ?

ಹಳೆಗೂಡು, ಜುಲೈ 29

ಓದಿ ತುಂಬಾ ಸಂತೋಷವಾಯಿತು. ಸ್ಪ್ರೇ ಬೇಡ. ಈ ಮಳೆಯಲ್ಲಿ 74 ಸಾಕು. ಮನಸ್ಸು ಕೇಳದಿದ್ದರೆ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಮಾತ್ರ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಪಾಚಿ (ಸ್ಫ್ಯಾಗ್ನಮ್ ಮಾಸ್) ಇಡಿ. ಬೇಕಾದರೆ ಅವಳೇ ಹೋಗುತ್ತಾಳೆ, ಬೇಡವಾದರೆ ಹೊರಗೆ ಒಣ ಜಾಗ ಇದ್ದೇ ಇದೆ. ಪೊರೆ ಬಿಟ್ಟ ದಿನವೇ ಡಬ್ಬಿ ತೆಗೆಯಿರಿ. ಬಿದ್ದ ಪೊರೆಯಲ್ಲಿ ಎರಡು ಕಣ್ಣಿನ ಮುಚ್ಚಳವೂ (ಕಣ್ಣಿನ ಮೇಲಿನ ಪಾರದರ್ಶಕ ಹುರುಪೆ) ಬಂದಿವೆಯಾ ಅಂತ ಬೆಳಕಿಗೆ ಹಿಡಿದು ನೋಡಿ.

ಕಡಲತಡಿ, ಆಗಸ್ಟ್ 7

ಇಡೀ ಪೊರೆ ಒಂದೇ ತುಂಡಾಗಿ ಬಂತು, ಕಾಲುಚೀಲ ತಿರುಗಿಸಿ ಕಳಚಿದ ಹಾಗೆ. ಕಣ್ಣಿನ ಎರಡೂ ಮುಚ್ಚಳ ಇವೆ. ಹೊಟ್ಟೆಯ ಕಂದು ಗೆರೆಯೂ ಮಸುಕಾಗಿದೆ. ಫೋಟೋ ಹಾಕಿದ್ದೇನೆ. ಕೋಕೋಪೀಟ್ ಮತ್ತೆ ಯಾವಾಗ ಹಾಕಲಿ?

ಹಳೆಗೂಡು, ಆಗಸ್ಟ್ 7

ಹೊಟ್ಟೆ ಪೂರ್ತಿ ವಾಸಿಯಾಗಬೇಕು, ಇನ್ನೊಂದು ಪೊರೆಯೂ ಬೀಳಲಿ. ಆಟಿ (ತುಳುವಿನ ಮಳೆ ತಿಂಗಳು) ಕಳೆದು, ಮಳೆಯೂ ಹಿಂದೆ ಸರಿಯಲಿ. ಅಕ್ಟೋಬರ್ ಕೊನೆಗೆ ಹಾಕಿ. ಅಲ್ಲಿಯವರೆಗೆ ಪೇಪರೇ ಇರಲಿ. ಹಾಕುವಾಗ ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ನೀರು ಬರಬಾರದು.