ಪರದೆಯ ಕಪ್ಪು ಪಟ್ಟಿಗಳನ್ನು ಅಳಿಸಬೇಡ

ಹಳೆಯ ಸಾಹಸಚಿತ್ರ ಹಾಕಿದರೆ ಮಗ ಅರ್ಧದಲ್ಲೇ ಎದ್ದು ಹೋಗುತ್ತಾನೆ, ಪ್ರೇಮಕಥೆ ಹಾಕಿದರೆ ಮಗಳು ಮುಖ ತಿರುಗಿಸುತ್ತಾಳೆ, ಇವೆಲ್ಲ ಈಗಿನ ಮಕ್ಕಳಿಗೆ ರುಚಿಸುವುದೇ ಇಲ್ಲವೇ ದೊಡ್ಡಮ್ಮ ಎಂದು ನೀನು ಕೇಳಿದ್ದೀಯಲ್ಲ ಮಗಳೇ, ಅದಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ. ದೋಷ ಮಕ್ಕಳದೂ ಅಲ್ಲ, ಚಿತ್ರಗಳದೂ ಅಲ್ಲ. ಅಂಚು ಕತ್ತರಿಸಿದ ಪ್ರತಿಯನ್ನು ಮಾತ್ರ ಅವರಿಗೆ ತೋರಿಸಬೇಡ.

ನಮ್ಮ ದೊಡ್ಡ ಭಾವನವರ ಮಗ ಹಳೆಯ ಚಿತ್ರವೆಂದರೆ ದೂರ ಸರಿಯುತ್ತಾನೆಂಬುದು ನಿಮಗೆಲ್ಲ ಗೊತ್ತು. ಅದಕ್ಕೆ ಕಾರಣ ನನಗೆ ಗೊತ್ತು. ಅವನಿನ್ನೂ ಹುಡುಗ, ವಾಹಿನಿಯೊಂದರಲ್ಲಿ 1962ರ ‘ಲಾರೆನ್ಸ್ ಆಫ್ ಅರೇಬಿಯಾ’ ಬರುತ್ತದೆಂದು ನಿಮ್ಮ ದೊಡ್ಡಪ್ಪ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. 70 ಎಂ.ಎಂ. ಫಿಲ್ಮಿನಲ್ಲಿ ತೋರಿಸಲೆಂದು ತೆಗೆದ ಆ ಚಿತ್ರದ ಅಗಲ ಎತ್ತರದ ಎರಡು ಪಟ್ಟಿಗೂ ಹೆಚ್ಚು. ಅಂದಿನ ಚೌಕದಂಥ ಟೀವಿಯನ್ನು ತುಂಬಿಸುವುದಕ್ಕಾಗಿ ವಾಹಿನಿಯವರು ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲನ್ನು ಕತ್ತರಿಸಿ ಹಾಕಿದ್ದರು. ಬಾವಿಯ ಬಳಿ ನಿಂತ ಲಾರೆನ್ಸ್ ನೋಡುತ್ತಿರುವಂತೆ ಬಿಸಿಲುಗುದುರೆಯ ನಡುವಿನಿಂದ ಒಂದು ಚುಕ್ಕೆ ಮೂಡಿ, ನಿಧಾನವಾಗಿ ಒಂಟೆಯಾಗಿ, ಆಮೇಲೆ ನಟ ಒಮರ್ ಷರೀಫ್ ಆಗಿ ಹತ್ತಿರವಾಗುವ ದೃಶ್ಯವಿದೆಯಲ್ಲ, ಅಲ್ಲಿ ಎದೆ ಹೊಡೆದುಕೊಳ್ಳುವುದು ಸುತ್ತಲೂ ಹರಡಿದ ಆ ಬಯಲಿನಿಂದ. ಬಯಲೇ ಇಲ್ಲದೆ ಹುಡುಗನಿಗೆ ಕಂಡದ್ದು ಬರೀ ಕಾಯುವಿಕೆ. ಇದರಲ್ಲಿ ಏನೂ ನಡೆಯುವುದಿಲ್ಲವೆಂದು ಎದ್ದು ಹೋದವನು ಮತ್ತೆಂದೂ ಅಂಥ ಚಿತ್ರಕ್ಕೆ ಕೂರಲಿಲ್ಲ. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಕತ್ತರಿಸಿದ ಪ್ರತಿಯನ್ನು ತೋರಿಸಬೇಡ.

ಕತ್ತರಿಸಿದ್ದು ಸಾಲದೆಂದು ಬಣ್ಣವನ್ನೂ ಬಳಿಯುತ್ತಾರೆ. 1942ರ ‘ಕಾಸಾಬ್ಲಾಂಕಾ’ಕ್ಕೂ 1988ರಲ್ಲಿ ಬಣ್ಣ ಹಚ್ಚಿ ಟೀವಿಯಲ್ಲಿ ಬಿಟ್ಟರು. ಇಂಗ್ರಿಡ್ ಬರ್ಗ್‌ಮನ್ ಅವರ ಮುಖದ ಮೇಲೆ ಬೆಳಕು ಎಲ್ಲಿ ನಿಲ್ಲಬೇಕು, ನೆರಳು ಎಲ್ಲಿ ಇಳಿಯಬೇಕು ಎಂಬುದನ್ನು ಛಾಯಾಗ್ರಾಹಕ ಆರ್ಥರ್ ಎಡೆಸನ್ ಕಪ್ಪು ಬಿಳುಪಿಗೆಂದೇ ಹೊಂದಿಸಿದ್ದರು. ಅದರ ಮೇಲೆ ಬಣ್ಣ ಬಳಿಯುವ ಹಕ್ಕನ್ನು ಇವರಿಗೆ ಯಾರು ಕೊಟ್ಟರು? ನಮ್ಮ ಮನೆಯ ಗಂಡಸರೂ ಪ್ರೇಮಚಿತ್ರವೆಂದರೆ ಅಳುಬುರುಕರಿಗೆ ಎನ್ನುತ್ತಾರೆ, ಅದೂ ನನಗೆ ನೋವೇ. 1953ರ ‘ರೋಮನ್ ಹಾಲಿಡೇ’ಯ ಕೊನೆಯಲ್ಲಿ ರಾಜಕುಮಾರಿ ಪತ್ರಕರ್ತರ ಸಾಲಿನಲ್ಲಿ ನಿಂತ ತನ್ನ ಪ್ರಿಯಕರನ ಕೈಕುಲುಕಿ, ಉಳಿದವರಿಗೆ ಆಡಿದಂಥದೇ ಔಪಚಾರಿಕ ಮಾತಾಡಿ ಮುಂದೆ ಸಾಗುತ್ತಾಳೆ. ಅಲ್ಲಿರುವ ಸಂಯಮವನ್ನು ಅವರಲ್ಲಿ ಒಬ್ಬರಾದರೂ ಗಮನಿಸಿದ್ದಾರೆಯೇ?

ಅಯ್ಯೋ, ಮಾಡಬೇಕಾದದ್ದನ್ನು ಹೇಳದೆ ಏನೇನೋ ಹೇಳಿದೆ. ನಿಮ್ಮ ಟೀವಿಯ ಸೆಟ್ಟಿಂಗ್‌ನಲ್ಲಿ ಅಂಚು ಕತ್ತರಿಸುವ ಜೂಮ್ ಇದ್ದರೆ ತೆಗೆ, ಚಲನೆಯನ್ನು ನುಣುಪಾಗಿಸುವ ಆಯ್ಕೆಯನ್ನೂ ಆಫ್ ಮಾಡು. 1953ಕ್ಕಿಂತ ಹಿಂದಿನ ಬಹುತೇಕ ಚಿತ್ರಗಳಿಗೆ ಎಡಬಲದಲ್ಲಿ, ಅಗಲ ಪರದೆಯ ದೊಡ್ಡ ಚಿತ್ರಗಳಿಗೆ ಮೇಲೆ ಕೆಳಗೆ ಕಪ್ಪು ಪಟ್ಟಿ ಕಾಣಿಸಿದರೆ ಹಾಗೆಯೇ ಬಿಡು, ಚಿತ್ರ ಪೂರ್ತಿ ಕಾಣಬೇಕಾದರೆ ಅವು ಇರಲೇಬೇಕು. ಮೊದಲು 1938ರ ‘ದ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಹಾಕು. ಎರಡು ಗಂಟೆಯೂ ಇಲ್ಲ, ಟೆಕ್ನಿಕಲರ್ ಬಣ್ಣ ಮೂಲದಲ್ಲೇ ಇದೆ, ಕಂಬದ ಮೇಲೆ ಕತ್ತಿವರಸೆಯ ನೆರಳುಗಳು ಬೀಳುವಾಗ ಹುಡುಗ ಏಳುವುದಿಲ್ಲ. ಅದನ್ನು ನಿರ್ದೇಶಿಸಿದ ಇಬ್ಬರಲ್ಲಿ ಒಬ್ಬರಾದ ಮೈಕೆಲ್ ಕರ್ಟಿಜ್ ಅವರೇ ‘ಕಾಸಾಬ್ಲಾಂಕಾ’ವನ್ನೂ ಮಾಡಿದವರು, ಆದ್ದರಿಂದ ಮಗಳಿಗೆ ಅದನ್ನು ಮುಂದೆ ತೋರಿಸು, ಕಪ್ಪು ಬಿಳುಪಿನಲ್ಲೇ. ‘ಲಾರೆನ್ಸ್’ ಮೂರೂವರೆ ಗಂಟೆಗೂ ಹೆಚ್ಚಿದೆ. 1989ರಲ್ಲಿ ಪುನರುದ್ಧಾರಗೊಂಡ ಪ್ರತಿಯನ್ನೇ ಹುಡುಕಿ, ಮಧ್ಯಂತರದಲ್ಲಿ ನಿಲ್ಲಿಸಿ, ಉಳಿದದ್ದನ್ನು ಮರುದಿನ ನೋಡಿ.