‘ಋಣಾತ್ಮಕ ಹಿಮ್ಮಾಹಿತಿ’ಗೆ ಹಗುರವಾದ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಸೋಮವಾರಪೇಟೆ ಕಡೆಯ ಕಾಫಿ ತೋಟಗಳ ಕೆಲಸಗಾರರ ಲೈನ್ ಮನೆಗಳಲ್ಲಿ ಹಂಚಲು ಸ್ಟೀರಾಯ್ಡ್ ಮಾತ್ರೆಗಳ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಉಬ್ಬಸಕ್ಕೋ ಗಂಟುನೋವಿಗೋ ಡಾಕ್ಟರು ಪ್ರೆಡ್ನಿಸೊಲೋನ್ ಬರೆದಿರುತ್ತಾರೆ. ಕೆಲವರು ವಾರಗಟ್ಟಲೆ ನುಂಗಿ, ಹುಷಾರಾಯಿತು ಅಂತ ಒಂದೇ ಸಲ ಬಿಟ್ಟುಬಿಡುತ್ತಾರೆ. ಅದು ಯಾಕೆ ಅಪಾಯ ಎಂದು ಹೇಳಲು ಹೋದರೆ ಪಠ್ಯಪುಸ್ತಕದ ‘ಋಣಾತ್ಮಕ ಹಿಮ್ಮಾಹಿತಿ’ (ನೆಗೆಟಿವ್ ಫೀಡ್‌ಬ್ಯಾಕ್) ಅಡ್ಡ ಬರುತ್ತದೆ. ಋಣ ಅಂದರೆ ನಮ್ಮವರಿಗೆ ಸಾಲ, ಅಲ್ವಾ?

ವಿಷಯ ಇಷ್ಟು. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಹೊರಪದರ ಕೊಲೆಸ್ಟ್ರಾಲ್‌ನಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸುತ್ತದೆ. ಆದರೆ ತನ್ನಷ್ಟಕ್ಕೆ ಅಲ್ಲ. ಮಿದುಳಿನ ಹೈಪೊಥಲಾಮಸ್ ಸಿಆರ್‌ಎಚ್ ಎಂಬ ಹಾರ್ಮೋನು ಕಳಿಸಿ ಪಿಟ್ಯುಟರಿ ಗ್ರಂಥಿಗೆ ಹೇಳಬೇಕು. ಪಿಟ್ಯುಟರಿ ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನು ಕಳಿಸಿ ಅಡ್ರಿನಲ್‌ಗೆ ಹೇಳಬೇಕು. ಸಾಹುಕಾರರು ರೈಟರಿಗೆ, ರೈಟರು ಆಳುಗಳಿಗೆ ಹೇಳುವ ಹಾಗೆ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಾದರೆ ಮೇಲಿನ ಇಬ್ಬರೂ ಸುಮ್ಮನಾಗುತ್ತಾರೆ. ಇದೇ ಆ ‘ಹಿಮ್ಮಾಹಿತಿ’. ಪ್ರೆಡ್ನಿಸೊಲೋನ್ ಕೂಡ ಕಾರ್ಟಿಸಾಲ್ ಹಾಗೇ ಕೆಲಸ ಮಾಡುವುದರಿಂದ ಮಾತ್ರೆ ನುಂಗಿದರೂ ಅಷ್ಟೇ. ಹೀಗೆ ಬಹಳ ದಿನ ಹೇಳುವವರಿಲ್ಲದೆ ಗ್ರಂಥಿ ಸೊರಗುತ್ತದೆ. ಆಗ ಮಾತ್ರೆಯೂ ತಟ್ಟನೆ ನಿಂತರೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ. ಸುಸ್ತು, ವಾಂತಿ, ಬಿಪಿ ಕುಸಿತ. ಜೀವಕ್ಕೇ ಕುತ್ತು ಬರಬಹುದು.

‘ಮರುತಡೆ’ ಅನ್ನೋಣವೇ? ನನಗೇನೋ ರಸ್ತೆತಡೆ ನೆನಪಾಗುತ್ತದೆ. ‘ಸಾಕು ಎಂಬ ಸೂಚನೆ’ ಉದ್ದವಾದರೂ ಕೇಳಿದ ಕೂಡಲೇ ತಿಳಿಯುತ್ತದೆ. ಸದ್ಯಕ್ಕೆ ನನ್ನ ಒಲವು ಅದಕ್ಕೇ.

ಜೀವಕೋಶದಲ್ಲಿ ಹಾರ್ಮೋನು ಬಂದು ಅಂಟುವ ‘ರಿಸೆಪ್ಟರ್’ಗೆ ‘ಗ್ರಾಹಕ’ ಎಂದು ಮಾತ್ರ ದಯವಿಟ್ಟು ಹೇಳಬೇಡಿ, ಅವರು ಅಂಗಡಿಗೆ ಬರುವವರು! ಕಾರ್ಟಿಸಾಲ್ ಜೀವಕೋಶದ ಒಳಗೇ ಹೋಗಿ ರಿಸೆಪ್ಟರ್‌ಗೆ ಅಂಟಿ, ಎರಡೂ ಕೂಡಿ ಕೋಶದ ನಡುಬೀಜಕ್ಕೆ (ನ್ಯೂಕ್ಲಿಯಸ್) ಹೊಕ್ಕು, ಕೆಲವು ಜೀನ್‌ಗಳನ್ನು ಎಬ್ಬಿಸುತ್ತವೆ, ಕೆಲವನ್ನು ಮಲಗಿಸುತ್ತವೆ. ಉರಿಯೂತ ಇಳಿಯುವುದು ಹೀಗೆ. ಅದಕ್ಕೇ ಗುಣ ಕಾಣಲು ಕೆಲವು ಗಂಟೆ ಬೇಕು.

ಕಾರ್ಟಿಸಾಲ್, ಪ್ರೆಡ್ನಿಸೊಲೋನ್ ಸೇರುವ ಗುಂಪಿನ ಹೆಸರು ‘ಗ್ಲೂಕೋಕಾರ್ಟಿಕಾಯ್ಡ್’ ಅನ್ನು ಹಾಗೇ ಬಿಡುವುದೇ ವಾಸಿ ಅನಿಸುತ್ತದೆ. ಬರೀ ‘ಸ್ಟೀರಾಯ್ಡ್’ ಅಂದರೆ ಹುಡುಗರು ಜಿಮ್ಮಿನ ಮಾತು ಅಂದುಕೊಳ್ಳುತ್ತಾರೆ. ಅದು ಬೇರೆಯೇ ಗುಂಪು, ಗಂಡು ಹಾರ್ಮೋನಿನ ಜಾತಿಯದು. ಹೆಸರಿನ ‘ಗ್ಲೂಕೋ’ ಕೂಡ ಬೇಕು. ಇದು ಲಿವರಿನಲ್ಲಿ ಹೊಸದಾಗಿ ಗ್ಲೂಕೋಸ್ ಮಾಡಿಸುತ್ತದೆ, ಸಕ್ಕರೆ ಕಾಯಿಲೆಯವರಿಗೆ ಎಚ್ಚರಿಕೆ ಹೇಳಬೇಕಲ್ಲ.

ಡೋಸ್ ಇಳಿಸುವುದಕ್ಕೆ ಪದ ಹುಡುಕಲಿಲ್ಲ. ‘ಡಾಕ್ಟರು ಹೇಳಿದ ಹಾಗೆ ಕಮ್ಮಿ ಮಾಡಿಕೊಂಡು ಬನ್ನಿ’ ಎಂದೇ ಬರೆದಿದ್ದೇನೆ.

ಓದುವವರಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಆಡುವವರೂ ಇದ್ದಾರೆ. ಅವರ ಕಿವಿಗೂ ಹೊಂದುವ ಮಾತು ‘ಹಿಮ್ಮಾಹಿತಿ’ಗೆ ಯಾರಿಗಾದರೂ ಹೊಳೆದರೆ ತಿಳಿಸಿ. ಅಚ್ಚಿಗೆ ಇನ್ನೂ ಕೊಟ್ಟಿಲ್ಲ.